ಗ್ರಾಮಸೇವಾಧುರೀಣ ಶ್ರೀ ಜೆ. ಸಿ. ಕುಮಾರಪ್ಪನವರು

ಲೋಕದಲ್ಲಿ ಲೆಕ್ಕವನ್ನು ಬಲ್ಲವರು ಬಹುಮಂದಿ ಇರುವರು. ಆದರೆ ಲೆಕ್ಕದ ಕೊನೆಯಲ್ಲಿ ಬಡವನ ಪಾಲಿಗೆ ಏನುಳಿಯಿತೆಂಬುದನ್ನು ವಿಚಾರಿಸುವವರು ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರೆನಿಸಿ, ವಿದ್ಯೆಯನ್ನೂ ಆಯುಷ್ಯವನ್ನೂ ಹಳ್ಳಿಗಳ ಉದ್ಧಾರಕ್ಕಾಗಿ ಸವೆಯಿಸಿದ ಮಹನೀಯರು ಶ್ರೀ ಜೆ. ಸಿ. ಕುಮಾರಪ್ಪನವರು.

ಇವರು ೧೮೯೨ನೆಯ ಇಸವಿ ಜನವರಿ ೪ರಂದು ತಂಜಾವೂರಿನಲ್ಲಿ ಸುಶಿಕ್ಷಿತವಾದ ಕ್ರೈಸ್ತ ಮನೆತನವೊಂದರಲ್ಲಿ ಜನ್ಮವೆತ್ತಿದರು. ಇವರ ಮೊದಲ ಹೆಸರು ಜೋಸೆಫ್ ಚೆಲ್ಲದೊರೈ ಕಾರ್ನೀಲಿಯಸ್ ಎಂದಿತ್ತು. ಲಂಡನ್ನಿಗೆ ಹೋಗಿ ಲೆಕ್ಕಪರಿಶೋಧನೆಯ ವಿದ್ಯೆಯಲ್ಲಿ ಪರಿಣತರಾಗಿ, ೧೯೧೯ರಲ್ಲಿ ಸ್ವದೇಶಕ್ಕೆ ಮರಳಿ ಮುಂಬಯಿಯಲ್ಲಿ ಅದೇ ಉದ್ಯೋಗವನ್ನು ಕೈಕೊಂಡರು. ಉಡುಪು, ಊಟ, ನಡೆನುಡಿಗಳೆಲ್ಲವೂ ಪಾಶ್ಚಾತ್ಯ ರೀತಿಯವಾಗಿದ್ದುವು. ಧನಿಕರ ಲೆಕ್ಕಗಳನ್ನು ತಿದ್ದುತ್ತ ಸುಖದಿಂದ ಕಾಲ ಕಳೆಯಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

೧೯೨೭ರಲ್ಲಿ ಇವರು ಅಮೇರಿಕೆಗೆ ತೆರಳಿ, ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಬಳಿಕ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಖ್ಯಾತ ಪಂಡಿತರಾದ ಸೆಲಿಗ್‌ಮನ್ನರ ಕೈಕೆಳಗೆ ಅಭ್ಯಾಸ ಮಾಡಿದರು. ಇಂಡಿಯಾ ದೇಶವು ಏತಕ್ಕಾಗಿ ಬಡವಾಗಿದೆ ಎಂಬ ವಿಷಯವಾಗಿ ಇವರು ಅಲ್ಲಿಯ ಚರ್ಚೊಂದರಲ್ಲಿ ಮಾಡಿದ ಭಾಷಣವು ಗುರುಗಳ ಗಮನಕ್ಕೆ ಬಂದಿತು. ಅದನ್ನೇ ಪ್ರಬಂಧದ ವಸ್ತುವಾಗಿಸಿಕೊಳ್ಳುವಂತೆ ಅವರು ಸೂಚಿಸಿದರು. ಸರಕಾರವು ಪ್ರಜೆಗಳಿಂದ ಎತ್ತಿದ ಹಣವು ಯಾವ ದಾರಿ ಹಿಡಿದು ಎಲ್ಲಿಗೆ ಸೇರುವುದೆಂಬುದನ್ನು ಹುಡುಕುತ್ತ ಹೋದ ಕುಮಾರಪ್ಪನವರಿಗೆ ಸ್ವದೇಶದ ದಾರಿದ್ರ್ಯದ ಮೂಲವು ಸ್ಪಷ್ಟವಾಗಿ ಕಂಡಿತು. ಅಂದಿನಿಂದ ಅವರ ಜೀವನದ ಮುಖವೇ ತಿರುಗಿತು.

೧೯೨೯ರಲ್ಲಿ ಹಿಂದಿರುಗಿದ ಬಳಿಕ, ಆ ಪ್ರಬಂಧವನ್ನು ತೋರಿಸುವ ಸಲುವಾಗಿ ಮೇ ತಿಂಗಳಿನಲ್ಲಿ ಸಾಬರಮತಿ ಆಶ್ರಮಕ್ಕೆ ಹೋದರು. ಅಲ್ಲಿ ಸಗಣಿಯಿಂದ ಸಾರಿಸಿದ ನೆಲದ ಮೇಲೆ, ಮರದಡಿಯಲ್ಲಿ ಕುಳಿತು ನೂಲುತ್ತಿದ್ದ ವೃದ್ಧರೊಬ್ಬರನ್ನು ಕಂಡರು. ಅವರೇ ಗಾಂಧೀಜಿಯವರೆಂದು ಮೊದಲು ಅರಿಯಲಿಲ್ಲ. ಅರಿತ ಮೇಲೆ ಪರದೇಶದ ಉಡುಪಿನಲ್ಲಿಯೇ ಆ ನೆಲದ ಮೇಲೆ ಕುಳಿತರು. ಕೆಲಕಾಲದಲ್ಲಿಯೇ ಆ ಉಡುಪು ಹೋಗಿ ಖಾದಿ ಬಂದಿತು. ಕಾರ್ನೀಲಿಯಸ್ ಎಂಬ ಹೆಸರು ಹೋಗಿ ಮನೆತನದ ಹಳೆಯ ಹೆಸರಾದ ಕುಮಾರಪ್ಪ ಎಂಬುದು ನಿಂತಿತು.

ಗಾಂಧೀಜಿಯವರ ಸೂಚನೆಯಂತೆ ಇವರು ಗುಜರಾತ ವಿದ್ಯಾಪೀಠದ ವಿದ್ಯಾರ್ಥಿಗಳನ್ನು ಕೂಡಿಕೊಂಡು ಖೇಡಾ ಜಿಲ್ಲೆಯ ಮಾತರ ತಾಲೂಕಿನ ಹಳ್ಳಿಗಳಿಗೆ ಹೋಗಿ, ಮನೆಮನೆಯ ಆದಾಯ, ಸಾಲ, ಕಂದಾಯಗಳನ್ನು ಬರೆದುಕೊಂಡರು. ಗುಜರಾತಿ ಭಾಷೆ ಬಾರದಿದ್ದರೂ ಹಿಮ್ಮೆಟ್ಟಲಿಲ್ಲ. ಒಕ್ಕಲಿಗನ ಮನೆಯ ಲೆಕ್ಕವನ್ನು ವ್ಯಾಪಾರದ ಲೆಕ್ಕದಷ್ಟೇ ಕಟ್ಟುನಿಟ್ಟಾಗಿ ನೋಡಿದ ಆ ವರದಿಯು ಮುಂದಿನ ಗ್ರಾಮಪರಿಶೀಲನೆಗಳಿಗೆ ಮಾರ್ಗದರ್ಶಿಯಾಯಿತು. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯ ಹೊಣೆಯನ್ನು ಹೊತ್ತು, ಅದರ ಫಲವಾಗಿ ಸೆರೆಮನೆಯನ್ನೂ ಕಂಡರು.

೧೯೩೪ರ ಜನವರಿ ೧೫ರಂದು ಬಿಹಾರ ಪ್ರಾಂತದಲ್ಲಿ ಘೋರ ಭೂಕಂಪವಾಗಲು, ಪರಿಹಾರನಿಧಿಯ ಲೆಕ್ಕಪತ್ರಗಳ ಭಾರವು ಇವರ ಮೇಲೆ ಬಿದ್ದಿತು. ಸಂತ್ರಸ್ತರಿಗಾಗಿ ಬಂದ ಹಣದಲ್ಲಿ ಒಂದು ಕಾಸಾದರೂ ಬೇರೆಡೆಗೆ ಹರಿಯಬಾರದೆಂಬುದು ಅವರ ವ್ರತ. ಸ್ವಯಂಸೇವಕರ ಊಟದ ವೆಚ್ಚಕ್ಕೆ ಅವರು ಮಿತಿಯನ್ನು ಗೊತ್ತುಮಾಡಿದ್ದರು. ಗಾಂಧೀಜಿಯವರು ಪರಿವಾರಸಮೇತರಾಗಿ ಅಲ್ಲಿಗೆ ಬಂದಾಗ, ಅವರ ವೆಚ್ಚವನ್ನು ನಿಧಿಯಿಂದ ಕೊಡಲಾಗದೆಂದು ಕುಮಾರಪ್ಪನವರು ವಿನಯದಿಂದ, ಆದರೆ ದೃಢವಾಗಿ ತಿಳಿಸಿದರು. ಗುರುವಿನ ಮುಂದೆಯೂ ಧರ್ಮದ ಹಣವನ್ನು ಕಾಯ್ದ ಶಿಷ್ಯನನ್ನು ಕಂಡು ಗುರುವಿನ ವಿಶ್ವಾಸವು ಇಮ್ಮಡಿಯಾಯಿತು.

ಅದೇ ವರ್ಷದ ಡಿಸೆಂಬರದಲ್ಲಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಸ್ಥಾಪನೆಯಾಗಿ, ಕುಮಾರಪ್ಪನವರು ಅದರ ಕಾರ್ಯದರ್ಶಿಗಳಾದರು. ಶ್ರೀ ಜಮನಾಲಾಲ ಬಜಾಜರು ದಾನಮಾಡಿದ ತೋಟವು ಮಗನವಾಡಿಯೆಂಬ ಹೆಸರಿನಿಂದ ಸಂಘದ ನೆಲೆಯಾಯಿತು. ಲಾಭವನ್ನು ಬಯಸದ ಈ ಸಂಸ್ಥೆಯಲ್ಲಿ ಎಣ್ಣೆಯ ಗಾಣ, ಕೈಕಾಗದ, ಬೆಲ್ಲ, ಜೇನುಸಾಕಣೆ, ಸಾಬೂನು, ಕುಂಬಾರಿಕೆ ಮುಂತಾದ ಕಸುಬುಗಳನ್ನು ಶೋಧಿಸಿ, ಸುಧಾರಿಸಿ, ಹಳ್ಳಿಯ ತರುಣರಿಗೆ ಕಲಿಸಿ ಕಳುಹಿಸುತ್ತಿದ್ದರು. ಸೀಮೆಎಣ್ಣೆಯ ಬದಲು ಊರಿನ ಗಾಣದ ಎಣ್ಣೆಯಿಂದಲೇ ಉರಿಯುವ ‘ಮಗನದೀಪ’ವೆಂಬ ಲಾಂದ್ರವೂ ಅಲ್ಲಿ ಸಿದ್ಧವಾಯಿತು.

ಈ ಕಾರ್ಯದ ಮರ್ಮವು ಅಕ್ಕಿಯ ದೃಷ್ಟಾಂತದಿಂದ ತಿಳಿಯುವುದು. ಬತ್ತವನ್ನು ಮನೆಯಲ್ಲಿ ಕುಟ್ಟಿದರೆ ಸತ್ವಯುತವಾದ ತವುಡಿನ ಪದರವು ಅಕ್ಕಿಯಲ್ಲಿಯೇ ಉಳಿಯುವುದು, ಕುಟ್ಟುವವಳಿಗೆ ಕೂಲಿ ದೊರೆಯುವುದು. ಅದೇ ಬತ್ತವು ಗಿರಣಿಗೆ ಹೋದರೆ ಅಕ್ಕಿಯು ಬೆಳ್ಳಗಾಗಿ ಸತ್ವವನ್ನು ಕಳೆದುಕೊಳ್ಳುವುದು, ಕೂಲಿಯವಳು ಬರಿಗೈಯಾಗುವಳು, ಹಣವು ಪಟ್ಟಣವನ್ನು ಸೇರುವುದು. ಅಗ್ಗವೆಂದು ಕೊಂಡ ವಸ್ತುವಿನ ನಿಜವಾದ ಬೆಲೆಯನ್ನು ಯಾರು ತೆತ್ತರೆಂಬುದನ್ನು ಕೊಳ್ಳುವವನು ವಿಚಾರಿಸಬೇಕು. ಅದು ಅವನ ಧರ್ಮವೆಂದು ಕುಮಾರಪ್ಪನವರು ಬೋಧಿಸಿದರು.

೧೯೪೨ರ ಚಳವಳಿಯ ಬಳಿಕ ಜಬಲಪುರದ ಸೆರೆಮನೆಯಲ್ಲಿದ್ದಾಗ ಅವರು ಶಾಶ್ವತವಾದ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥವನ್ನು ರಚಿಸಿದರು. ಕಲ್ಲಿದ್ದಲು, ಭೂತೈಲಗಳು ಕೊಳದ ನೀರಿನಂತೆ ಮೊಗೆದಷ್ಟೂ ತೀರುವಂಥವು. ಬೆಳೆ, ಗಿಡಮರ, ಹರಿವ ನೀರುಗಳು ಹೊಳೆಯಂತೆ ಮತ್ತೆ ಮತ್ತೆ ಬರುವಂಥವು. ತೀರುವ ಸಂಪತ್ತಿಗಾಗಿ ರಾಷ್ಟ್ರಗಳು ಹೊಡೆದಾಡುವುವು. ಹರಿಯುವ ಸಂಪತ್ತಿನಲ್ಲಿ ಶಾಂತಿಯುಂಟು. ಜೇನ್ನೊಣವು ಮಕರಂದವನ್ನು ಕೊಳ್ಳುವಾಗ ಹೂವಿಗೆ ಫಲಕಟ್ಟುವ ಉಪಕಾರವನ್ನು ಮಾಡುವುದು. ಮನುಷ್ಯನೂ ಭೂಮಿಯಿಂದ ಹಾಗೆ ಪಡೆಯಬೇಕು. ಇದು ಆ ಗ್ರಂಥದ ಸಾರ.

ಸ್ವರಾಜ್ಯವು ಬಂದಮೇಲೆ ಅವರು ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ, ಉಳುವವನಿಗೇ ಭೂಮಿ ಸಲ್ಲಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದ ವರದಿಯನ್ನು ೧೯೪೯ರಲ್ಲಿ ಒಪ್ಪಿಸಿದರು. ಆದರೆ ದೇಶವು ದೊಡ್ಡ ಯಂತ್ರಗಳ ದಾರಿಯನ್ನು ಹಿಡಿಯಿತು. ಒಡನಾಡಿದ ಗೆಳೆಯರೇ ಅಧಿಕಾರದಲ್ಲಿದ್ದರೂ ಅವರು ತಮ್ಮ ಮಾತನ್ನು ಸಡಿಲಿಸಲಿಲ್ಲ. ಕೆಲವರಿಗೆ ಅವರು ಕಾಲಕ್ಕೆ ಹಿಂದಾದವರಾಗಿ ಕಂಡರು. ರಕ್ತದೊತ್ತಡದ ವ್ಯಾಧಿಯಿಂದ ಶರೀರವು ಬಳಲಿತ್ತು. ಕೊನೆಯ ವರ್ಷಗಳನ್ನು ಮಧುರೆಯ ಬಳಿಯ ಕಲ್ಲುಪಟ್ಟಿಯ ಗಾಂಧೀನಿಕೇತನದಲ್ಲಿ, ಬ್ರಹ್ಮಚಾರಿಗಳಾಗಿ, ಸರಳವಾಗಿ ಕಳೆದರು. ೧೯೬೦ರ ಜನವರಿ ೩೦ರಂದು, ಗಾಂಧೀಜಿಯವರು ಅಗಲಿದ ದಿನದಂದೇ, ಮದರಾಸಿನಲ್ಲಿ ದೇಹವಿಟ್ಟರು.

ಇಂದು ಕೊಳವೆಬಾವಿಗಳು ಬತ್ತುತ್ತಿರುವಾಗ, ಹೊಲಗಳು ಸಾರವನ್ನು ಕಳೆದುಕೊಳ್ಳುತ್ತಿರುವಾಗ, ಅಂದು ಹಿಂದಾದವರೆನಿಸಿದ ಅವರು ಬಹುದೂರ ಮುಂದಿದ್ದರೆಂಬುದು ಅರಿವಾಗುತ್ತಿದೆ. ಕಾಯಕವನ್ನು ಪೂಜೆಯೆಂದೂ, ಪಡೆದುದನ್ನು ಹಂಚಿ ಉಣ್ಣುವುದನ್ನು ದಾಸೋಹವೆಂದೂ ನಂಬಿದ ಭಕ್ತರಿಗೆ ಈ ಅನ್ಯಮತೀಯ ಮಹಾತ್ಮರ ಚರಿತ್ರೆಯು ಅಪರಿಚಿತವೆನಿಸದು. ಅಂಗಡಿಯಲ್ಲಿ ಕೈ ನೀಡುವ ಮುನ್ನ, ತನ್ನೂರಿನ ಕುಂಬಾರನನ್ನೂ ಗಾಣಿಗನನ್ನೂ ನೇಕಾರನನ್ನೂ ಒಮ್ಮೆ ನೆನೆದವನು ಅವರ ಸ್ಮರಣೆಯನ್ನು ಸಾರ್ಥಕವಾಗಿ ಮಾಡಿದವನಾಗುವನು.