ಫ. ಗು. ಹಳಕಟ್ಟಿ: ವಚನ ಪ್ರಕಟಣೆಯ ಆರ್ಥಿಕ ನೆಲೆಗಳು

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೆಯ ಶತಮಾನದಲ್ಲಿ ಕವಿರಾಜಮಾರ್ಗವು ನೃಪತುಂಗನ ಆಸ್ಥಾನದ ಆಶ್ರಯದಲ್ಲಿ ರೂಪುಗೊಂಡಿತು. ಸಾವಿರ ವರ್ಷಗಳ ತರುವಾಯ ಪ್ರಾಚೀನ ಕೃತಿಗಳನ್ನು ಅಚ್ಚಿಗೆ ತರುವ ಕಾಲ ಬಂದಾಗ, ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಸ್ಥಾಪನೆಗೊಂಡ ಪ್ರಾಚ್ಯ ಗ್ರಂಥಾಲಯದ ನೆರವಿತ್ತು. ಮುಂಬಯಿ ಕರ್ನಾಟಕದಲ್ಲಿ ಅಂತಹ ಆಶ್ರಯವಿರಲಿಲ್ಲ. ಆ ಕೊರತೆಯನ್ನು ವ್ಯಕ್ತಿಯೊಬ್ಬರ ವೇತನರಹಿತ ಶ್ರಮ ತುಂಬಿದ ಬಗೆಗೆ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಬದುಕು ನಿದರ್ಶನವಾಗಿದೆ.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ವಿಜ್ಞಾನ ಮತ್ತು ಕಾನೂನು ವ್ಯಾಸಂಗ ಮಾಡಿ, ಬೆಳಗಾವಿಯಲ್ಲಿ ಕೆಲಕಾಲ ಇದ್ದು, ಬಿಜಾಪುರದಲ್ಲಿ ವಕೀಲರಾಗಿ ನೆಲೆನಿಂತರು. 1910ರಲ್ಲಿ ಅಲ್ಲಿಯ ಲಿಂಗಾಯತ ಶಿಕ್ಷಣ ಸಂಸ್ಥೆಯ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿ ಅವರು ಮುಂದಾಳುಗಳಾಗಿದ್ದರು. ಹಲವರ ಸಣ್ಣ ಹಣ ಒಂದೆಡೆ ಕೂಡಿದರೆ ಸಂಸ್ಥೆ ನಿಲ್ಲುತ್ತದೆಂಬುದು ಅವರ ಅನುಭವಕ್ಕೆ ಬಂದಿತ್ತು. ಆದರೆ ವಚನ ಪ್ರಕಟಣೆಗೆ ಅಂತಹ ಬಂಡವಾಳ ಒದಗಲಿಲ್ಲ.

ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಅರಸಿ ಅವರು ಊರೂರು ತಿರುಗಿದರು. ಸಂಗ್ರಹ, ಪ್ರತಿ ತೆಗೆಯುವುದು, ಸಂಪಾದನೆ ಇವೆಲ್ಲ ವಕೀಲಿಯ ಗಳಿಕೆಯ ಬಲದಿಂದಲೇ ನಡೆದವು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚು ಮಾಡಿಸುವ ಯತ್ನ ಕೈಗೂಡದೆ, ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಿಂದ ಹೊರಬಂತು. ಪರರ ಮುದ್ರಣಾಲಯವನ್ನು ನೆಚ್ಚುವುದು ಕಷ್ಟವೆಂದರಿತ ಅವರು ಸ್ವಂತ ಮನೆಯನ್ನು ಮಾರಿ 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು.

1926ರಲ್ಲಿ ಆರಂಭವಾದ ಶಿವಾನುಭವ ಪತ್ರಿಕೆಯು ಈ ಕಾರ್ಯಕ್ಕೆ ಇನ್ನೊಂದು ಆಧಾರವಾಯಿತು. ವಚನಗಳೂ ಶರಣರ ಚರಿತ್ರೆಗಳೂ ಅದರಲ್ಲಿ ಕಂತುಕಂತಾಗಿ ಅಚ್ಚಾಗಿ ಬಳಿಕ ಗ್ರಂಥರೂಪ ತಾಳುತ್ತಿದ್ದವು. ಹೀಗೆ ಚಂದಾದಾರರು ಕೊಟ್ಟ ಅಲ್ಪ ಹಣವೂ ಗ್ರಂಥಪ್ರಕಟಣೆಯಲ್ಲಿ ಪಾಲು ಪಡೆಯಿತು. ಆದರೂ ಆ ವರಮಾನ ಸಾಲುತ್ತಿರಲಿಲ್ಲ. ಕೊರತೆಯನ್ನು ಸಂಪಾದಕರ ಮನೆತನವೇ ಬಡತನದಲ್ಲಿ ಭರಿಸಿತು. 1926ರ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಮುಂತಾದ ಮನ್ನಣೆಗಳು ಬಂದವಾದರೂ ಅವು ಆ ಕೊರತೆಯನ್ನು ನೀಗಿಸುವಂತಹವಲ್ಲ. 1964ರ ಜೂನ್ 29ರಂದು ಹಳಕಟ್ಟಿಯವರು ನಿಧನರಾದರು.

ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟದ 15 ಸಂಪುಟಗಳನ್ನು 1993ರಲ್ಲಿ ಪ್ರಕಟಿಸಿತು. ವಿದ್ವಾಂಸರ ಮಂಡಳಿ ಮತ್ತು ಸಾರ್ವಜನಿಕ ಹಣ ವಚನಗಳಿಗೆ ಈ ಪ್ರಮಾಣದಲ್ಲಿ ದೊರೆತದ್ದು ವಚನಶಾಸ್ತ್ರಸಾರ ಹೊರಬಂದ 70 ವರ್ಷಗಳ ಮೇಲೆ. ಪಾಠಾಂತರಗಳನ್ನು ಕ್ರಮವಾಗಿ ದಾಖಲಿಸಿಲ್ಲವೆಂಬ ಆಕ್ಷೇಪ ಹಳಕಟ್ಟಿಯವರ ಆವೃತ್ತಿಗಳ ಮೇಲಿರುವುದು ಸಹಜವೇ. ಆದರೆ ಅವರ ಕಾಲದಲ್ಲಿ ಹಸ್ತಪ್ರತಿ ಹುಡುಕುವವರು, ತಿದ್ದುವವರು, ಅಚ್ಚು ಹಾಕಿಸುವವರು, ಸಾಲ ತೀರಿಸುವವರು ಒಬ್ಬರೇ ಆಗಿದ್ದರು. ಗ್ರಂಥಸಂಪಾದನೆಯ ಮೌಲ್ಯಮಾಪನವು ಈ ಶ್ರಮದ ಲೆಕ್ಕವನ್ನೂ ಒಳಗೊಳ್ಳಬೇಕಾಗುತ್ತದೆ.