ಶ್ರೀ ತೇನ್‌ಸಿಂಗ್ ನೋರ್ಗೆ: ಜೀವನ ಪರಿಚಯ

ಪರ್ವತಾರೋಹಣ ತರಬೇತಿಗೆ ಅರ್ಜಿ ಸಲ್ಲಿಸಬಯಸುವವರ ಮಾಹಿತಿಗಾಗಿ ಶ್ರೀ ತೇನ್‌ಸಿಂಗ್ ನೋರ್ಗೆಯವರ ಜೀವನದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಶ್ರೀಯುತರು 1914ರಲ್ಲಿ ಜನಿಸಿದರು. ಜನ್ಮಸ್ಥಳವು ಟಿಬೆಟ್ ಎಂದೂ ನೇಪಾಳವೆಂದೂ ಎರಡು ಅಭಿಪ್ರಾಯಗಳಿವೆ. ಓದು ಬರಹ ಕಲಿಯುವ ಅವಕಾಶ ದೊರೆಯಲಿಲ್ಲವಾದರೂ ಹಲವು ಭಾಷೆಗಳನ್ನು ಆಡಬಲ್ಲವರಾಗಿದ್ದರು. ಯೌವನದಲ್ಲಿ ಡಾರ್ಜಿಲಿಂಗಿಗೆ ಬಂದು, 1935ರಲ್ಲಿ ಎರಿಕ್ ಶಿಪ್ಟನ್ ನೇತೃತ್ವದ ಎವರೆಸ್ಟ್ ತಂಡದಲ್ಲಿ ಹೊರೆಯಾಳಾಗಿ ಸೇರಿದರು. ಈ ವೃತ್ತಿಯ ಅಪಾಯ ಆಗಲೇ ಎಲ್ಲರಿಗೂ ತಿಳಿದಿತ್ತು. 1922ರಲ್ಲಿ ಅದೇ ಪರ್ವತದ ಒಂದೇ ಹಿಮಕುಸಿತದಲ್ಲಿ 7 ಮಂದಿ ಹೊರೆಯಾಳುಗಳು ಅಸುನೀಗಿದ್ದರು.

1951ರಲ್ಲಿ ನಂದಾದೇವಿಗೆ ತೆರಳಿದ ಫ್ರೆಂಚ್ ತಂಡದ ಇಬ್ಬರು ಆರೋಹಿಗಳು ಶಿಖರಭಾಗದಲ್ಲಿ ಕಣ್ಮರೆಯಾದರು. ಅವರನ್ನು ಅರಸುತ್ತ ಶ್ರೀಯುತರು ಲೂಯಿ ಡ್ಯುಬೋಸ್ಟ್ ಅವರೊಡನೆ ನಂದಾದೇವಿ ಪೂರ್ವ ಶಿಖರವನ್ನೇರಿದರು. ಕಾಣೆಯಾದವರು ಸಿಗಲಿಲ್ಲ. ತಮ್ಮ ಆರೋಹಣಗಳಲ್ಲಿ ಇದೇ ಅತ್ಯಂತ ಕಠಿಣವೆಂದು ಅವರು ಮುಂದೆ ಪರಿಗಣಿಸಿದ್ದು ಗಮನಾರ್ಹ. ಎವರೆಸ್ಟ್‌ಗೆ ಆ ಸ್ಥಾನ ದೊರೆಯಲಿಲ್ಲ.

1952ರ ವಸಂತದಲ್ಲಿ ಸ್ವಿಸ್ ಆರೋಹಿ ರೇಮಂಡ್ ಲ್ಯಾಂಬರ್ಟ್ ಅವರೊಡನೆ ಎವರೆಸ್ಟ್‌ನಲ್ಲಿ ಸುಮಾರು 8,600 ಮೀಟರ್ ತಲುಪಿ, ಮುಂದುವರಿದರೆ ಮರಳುವುದು ಅಸಾಧ್ಯವೆಂದರಿತು ಇಬ್ಬರೂ ಹಿಂದಿರುಗಿದರು. ಸಾಹಸಕ್ಕಿಂತ ಇಂತಹ ವಿವೇಕವೇ ವಿರಳ. 1953ರಲ್ಲಿ ಖುಂಬು ಹಿಮಪ್ರಪಾತದ ಬಿರುಕಿಗೆ ಜಾರಿದ ಎಡ್ಮಂಡ್ ಹಿಲರಿಯವರನ್ನು ಹಗ್ಗದಿಂದ ತಡೆಹಿಡಿದು ರಕ್ಷಿಸಿದರು. ಅದೇ ವರ್ಷ ಮೇ 29ರಂದು ಬೆಳಿಗ್ಗೆ 11.30ಕ್ಕೆ ಇಬ್ಬರೂ ಶಿಖರ ಮುಟ್ಟಿದರು.

1954ರಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾದಾಗ ಅದರ ಕ್ಷೇತ್ರ ತರಬೇತಿಯ ಪ್ರಥಮ ನಿರ್ದೇಶಕರಾಗಿ ನೇಮಕಗೊಂಡು ಎರಡು ದಶಕಗಳಿಗೂ ಮಿಕ್ಕಿ ಸೇವೆ ಸಲ್ಲಿಸಿದರು. 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 1986ರ ಮೇ 9ರಂದು ಡಾರ್ಜಿಲಿಂಗಿನಲ್ಲಿ ನಿಧನ ಹೊಂದಿದರು.

ಅವರ ಜೀವಿತಾವಧಿಯಲ್ಲೇ ಪರ್ವತಗಳ ಸ್ಥಿತಿ ಬದಲಾಯಿತು. 1953ರ ತಂಡವೊಂದರ ಸಾಮಗ್ರಿ ಸಾಗಿಸಲು 350ಕ್ಕೂ ಹೆಚ್ಚು ಹೊರೆಯಾಳುಗಳು ಬೇಕಾಗಿದ್ದರು. ಇಂತಹ ತಂಡಗಳು ಹೆಚ್ಚಿದಂತೆ ಅಡುಗೆಗೂ ಕಾವಿಗೂ ಎತ್ತರದ ಕಣಿವೆಗಳ ಜುನಿಪರ್ ಗಿಡಗಳನ್ನು ಕಡಿಯಲಾಯಿತು. ಬರಿದಾದ ಆಮ್ಲಜನಕ ಸಿಲಿಂಡರು, ಡಬ್ಬಿ, ಗುಡಾರಗಳು ಮೇಲೆಯೇ ಉಳಿದವು. ಅತಿಶೀತದಲ್ಲಿ ಮಾನವ ತ್ಯಾಜ್ಯವೂ ಬೇಗ ಕೊಳೆಯುವುದಿಲ್ಲ; ಹಿಮ ಕರಗಿದಾಗ ಅದು ಕೆಳಗಿನ ಊರುಗಳ ನೀರಿಗೆ ಸೇರುತ್ತದೆ. ಎವರೆಸ್ಟ್ ಪ್ರದೇಶವನ್ನು 1976ರಲ್ಲಿ ಸಾಗರ್‌ಮಾಥಾ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಪ್ರತಿ ಆರೋಹಿಯೂ 8 ಕಿಲೋಗ್ರಾಂ ತ್ಯಾಜ್ಯ ಕೆಳಗೆ ತರಬೇಕೆಂಬ ನಿಯಮ ನೇಪಾಳದಲ್ಲಿ ಬಂದದ್ದು 2014ರಲ್ಲಿ, ಬಹಳ ತಡವಾಗಿ. ಶ್ರೀಯುತರು ಕಾಣೆಯಾದವರನ್ನು ಅರಸಿದ ನಂದಾದೇವಿಯ ಒಳಕಣಿವೆಯನ್ನು ಕಸ, ಸೌದೆ ಕಡಿತ ಮತ್ತು ಬೇಟೆಯ ಕಾರಣದಿಂದ ಭಾರತ ಸರ್ಕಾರವು 1983ರಲ್ಲಿ ಪರ್ವತಾರೋಹಣಕ್ಕೆ ಮುಚ್ಚಿತು.