ಒಂದು ತೊಟ್ಟಿ ನೀರು ಮತ್ತು ಸರ್ ರೊನಾಲ್ಡ್ ರಾಸ್

ಕಳೆದ ಮಳೆಗಾಲದಲ್ಲಿ ಹೊಸಪೇಟೆಯ ನಮ್ಮ ಓಣಿಗೆ ಆಶಾ ಅಕ್ಕ ಲಾರ್ವಾ ಸಮೀಕ್ಷೆಗೆ ಬಂದಿದ್ದರು. ನಮ್ಮ ಮನೆಯ ಡ್ರಮ್ಮಿನಲ್ಲಿ ಸೊಳ್ಳೆ ಮರಿಗಳನ್ನು ತೋರಿಸಿ, ನೀರು ಚೆಲ್ಲಲು ಹೇಳಿದರು. ನಾನು ಒಪ್ಪಲಿಲ್ಲ. ಊರ ತುಂಬಾ ಸೊಳ್ಳೆ ಇರುವಾಗ ನಮ್ಮದೊಂದು ಡ್ರಮ್ ಚೆಲ್ಲಿದರೆ ಏನು ಪ್ರಯೋಜನ ಎಂದು ವಾದಿಸಿದೆ. ಎರಡು ವಾರದ ನಂತರ ತಂಗಿಗೆ ಡೆಂಗಿ ಜ್ವರ ಬಂತು. ನಮ್ಮ ಡ್ರಮ್ಮಿನ ಸೊಳ್ಳೆಯೇ ಕಚ್ಚಿತೆಂದು ಹೇಳಲಾರೆ. ತಂಗಿ ಗುಣವಾದಳು, ಆದರೆ ನನ್ನ ಮಾತು ನನ್ನನ್ನೇ ಚುಚ್ಚುತ್ತಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ರೊನಾಲ್ಡ್ ರಾಸ್ ಅವರ ಜೀವನದಲ್ಲಿ.

ರಾಸ್ 1857ರ ಮೇ 13ರಂದು ಅಲ್ಮೋರಾದಲ್ಲಿ ಹುಟ್ಟಿದರು. ಕಾವ್ಯ, ಚಿತ್ರಕಲೆಗಳಲ್ಲಿ ಆಸಕ್ತಿಯಿದ್ದರೂ ತಂದೆಯ ಇಚ್ಛೆಯಂತೆ ವೈದ್ಯರಾಗಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದಾಗ ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳನ್ನು ಕಂಡು ಅದನ್ನು ಬೋರಲು ಹಾಕಿದರು. ಸೊಳ್ಳೆ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಖಾಲಿ ಮಾಡಿಸಲು ಕೇಳಿದಾಗ, ಪ್ರಕೃತಿಯ ವ್ಯವಸ್ಥೆಯನ್ನು ಕೆಡಿಸಬಾರದೆಂದು ಸೇನಾಧಿಕಾರಿಯೊಬ್ಬರು ನಿರಾಕರಿಸಿದರು. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಆ ಅಧಿಕಾರಿಗೂ ನನಗೂ ವ್ಯತ್ಯಾಸವೇನು?

1895ರಲ್ಲಿ ಕಾಲರಾ ಹಾವಳಿಯ ಸಮಯದಲ್ಲಿ ರಾಸ್ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. ಅಲ್ಲಿ ಅವರು ನೈರ್ಮಲ್ಯದ ಕೆಲಸ ನೋಡಿಕೊಂಡರು. ನಂತರ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ಆ ಸೊಳ್ಳೆಗಳಿಗೆ ರಕ್ತ ಕೊಟ್ಟ ರೋಗಿ ಹುಸೇನ್ ಖಾನ್. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ, ಸೊಳ್ಳೆ ಕಚ್ಚುವುದರಿಂದಲೇ ರೋಗ ಹರಡುತ್ತದೆ ಎಂದು ತೋರಿಸಿದರು. ಅಲ್ಲಿ ಅವರಿಗೆ ನೆರವಾದವರು ಸಹಾಯಕ ಮಹಮ್ಮದ್ ಬಕ್ಸ್. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1932ರಲ್ಲಿ ಅವರು ನಿಧನರಾದರು.

ನನಗೆ ಉತ್ತರ ಕೊಟ್ಟಿದ್ದು ಪ್ರಶಸ್ತಿಯ ನಂತರ ಅವರು ಮಾಡಿದ ಗಣಿತ. ರೋಗ ನಿಲ್ಲಲು ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಅಂದರೆ ಒಂದು ಡ್ರಮ್ ಖಾಲಿ ಮಾಡುವುದು ವ್ಯರ್ಥವಲ್ಲ. ಓಣಿಯ ಬಹುಪಾಲು ಮನೆಯವರು ಅದನ್ನೇ ಮಾಡಿದರೆ ಎಲ್ಲರಿಗೂ ರಕ್ಷಣೆ.

ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ, ಡೆಂಗಿ ಹರಡುವುದು ಈಡಿಸ್. ಎರಡೂ ಬೆಳೆಯುವುದು ನಿಂತ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಸಂಡೂರು, ಕಂಪ್ಲಿ, ಹಂಪಿ ಕಡೆಯಿಂದ ಬರುವ ಗೆಳೆಯರೇ, ನಿಮ್ಮ ಮನೆಯ ತೊಟ್ಟಿ, ಹಳೆಯ ಟೈರು, ಕೂಲರ್‌ಗಳನ್ನೂ ಒಮ್ಮೆ ನೋಡಿ.

ಈಗ ಪ್ರತಿ ಶುಕ್ರವಾರ ಜುಮಾ ನಮಾಜಿಗೆ ಹೋಗುವ ಮೊದಲು ನಾನೇ ಡ್ರಮ್ ಖಾಲಿ ಮಾಡಿ, ಒಳಗೆಲ್ಲ ಉಜ್ಜಿ ತೊಳೆಯುತ್ತೇನೆ. ಆ ನೀರನ್ನು ಅಮ್ಮಿ ಗಿಡಗಳಿಗೆ ಹಾಕುತ್ತಾರೆ. ಮೊನ್ನೆ ಆಶಾ ಅಕ್ಕ ಬಂದಾಗ ಮುಚ್ಚಳ ತೆಗೆದು ತೋರಿಸಿದವಳು ನನ್ನ ತಂಗಿ.